ಭೂತಾನಿನ ಬಾಗಿಲಲ್ಲಿ ಬೆಂಗಳೂರಿನ ರಾಹುಕಾಲ

ಬಾಪೂಜಿ ನಗರ

ಪಾಸ್‌ಪೋರ್ಟ್ ಇಲ್ಲದೆ ಫಾರಿನ್ನಿಗೆ ಹೋಗಿ ಬಂದವರು ಎಂದು ಬಾಪೂಜಿ ನಗರದ ನಮ್ಮ ಬೀದಿಯಲ್ಲಿ ನಮ್ಮಿಬ್ಬರಿಗೆ ಹೆಸರು ಬಿದ್ದಿದೆ. ಮಾತು ಸುಳ್ಳಲ್ಲ. ಭೂತಾನಿಗೆ ಹೋಗಲು ನಮ್ಮ ದೇಶದವರಿಗೆ ವೋಟರ್ ಕಾರ್ಡ್ ಇದ್ದರೂ ನಡೆಯುತ್ತದೆ. ಆದರೆ ಅಲ್ಲಿ ಕೆಲಸ ಮಾಡಬೇಕೆಂದರೆ ಪರ್ಮಿಟ್ ಬೇಕು. ಅದಕ್ಕೆ ಗಡಿಯ ಬಾಗಿಲಲ್ಲೇ ಅರ್ಜಿ ಹಾಕಿ, ಅದು ಬರುವ ತನಕ ಅಲ್ಲೇ ಬಿದ್ದಿರಬೇಕು. ವಿದೇಶ ಪ್ರವಾಸ ಎಂದ ಕೂಡಲೇ ಹಿಮದ ಬೆಟ್ಟ, ಕೆಂಪು ಸ್ವೆಟರಿನ ಫೋಟೋ ನೆನಪಾಗುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ನಾನು ಅಲ್ಲಿ ಹೆಚ್ಚಾಗಿ ನೋಡಿದ್ದು ಒಂದು ಕಿಟಕಿ, ಅದರ ಮುಂದಿನ ಸಾಲು ಮತ್ತು ನನ್ನ ಓರಗಿತ್ತಿಯ ಕೈಗಡಿಯಾರ.

ಓರಗಿತ್ತಿಯ ಹೆಸರು ನಾಗರತ್ನ. ನನ್ನ ಗಂಡನ ಅಣ್ಣನ ಹೆಂಡತಿ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಭಾವ ತೀರಿಕೊಂಡ ಮೇಲೆ ವಿಜಯನಗರದಲ್ಲಿದ್ದ ನಮ್ಮ ಕಾಂಡಿಮೆಂಟ್ಸ್ ಅಂಗಡಿಯನ್ನು ನಡೆಸಿದವರು ಅವರೇ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ತೇಂಗೊಳಲು ಎಲ್ಲವನ್ನೂ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಮಾಡುತ್ತಿದ್ದೆವು. ಅವರು ಒತ್ತುವುದು, ನಾನು ಕರಿಯುವುದು. ಅವರ ಬಾಯಿ ಒಂದು ಕಡೆ ನನ್ನನ್ನು ಗದರುತ್ತಲೇ ಇರುತ್ತಿತ್ತು. ಎಣ್ಣೆ ಕಾಯಲಿಲ್ಲ, ಎಣ್ಣೆ ಹೆಚ್ಚು ಕಾಯಿತು, ಜಾಲರಿ ಎಲ್ಲಿಟ್ಟೆ, ಮನಸ್ಸೆಲ್ಲಿಟ್ಟೆ.

ಹೋದ ವರ್ಷ ಅಂಗಡಿಯಿದ್ದ ಬಾಡಿಗೆ ಕಟ್ಟಡ ಮಾರಾಟವಾಯಿತು. ಕೊಂಡವರು ಅದನ್ನು ಕೆಡವಿದರು. ಅಕ್ಕ ಹಿತ್ತಾಳೆಯ ಚಕ್ಕುಲಿ ಒರಳನ್ನು ತೊಳೆದು, ಒರೆಸಿ, ಭಾವನ ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಆಮೇಲೆ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತರು. ಊಟಕ್ಕೆ ಕರೆದರೆ ಏಳುವರು, ಮಾತಾಡಿಸಿದರೆ ಹೂಂ ಅನ್ನುವರು, ಟಿ.ವಿ. ಹಾಕಿದರೆ ನೋಡುವರು, ಆರಿಸಿದರೂ ಅದನ್ನೇ ನೋಡುವರು. ದಿನವಿಡೀ ಗದರುತ್ತಿದ್ದ ಹೆಂಗಸು ಗದರುವುದನ್ನು ಬಿಟ್ಟರೆ ಮನೆ ಎಷ್ಟು ಭಯ ಹುಟ್ಟಿಸುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಸಾಂಬಾರಿಗೆ ಬೇಕೆಂದೇ ಉಪ್ಪು ಜಾಸ್ತಿ ಹಾಕಿ ನೋಡಿದೆ. ಅಕ್ಕ ಸುಮ್ಮನೆ ತಿಂದು ಕೈ ತೊಳೆದರು.

ಅಂಥ ಹೊತ್ತಿನಲ್ಲಿ ನಾಗೇಶನ ಫೋನ್ ಬಂತು. ಕೆಂಗೇರಿ ಉಪನಗರದವನು, ನಮ್ಮ ಅಂಗಡಿಯ ಹಳೆಯ ಗಿರಾಕಿ. ಈಗ ಭೂತಾನಿನ ಬೆಟ್ಟದಲ್ಲಿ ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್. ಕ್ಯಾಂಪಿನಲ್ಲಿ ನಮ್ಮ ಕಡೆಯವರೇ ತುಂಬಿದ್ದಾರೆ, ಅಡುಗೆಯವನು ಬಿಟ್ಟು ಹೋಗುತ್ತಿದ್ದಾನೆ ಎಂದ.

"ಮೂರು ಹೊತ್ತೂ ಆಲೂಗಡ್ಡೆ ಆಂಟಿ. ನೀವಿಬ್ರೂ ಬಂದ್ಬಿಟ್ರೆ ನಾವೆಲ್ಲ ಬದುಕ್ಕೋತೀವಿ. ಆರೇ ತಿಂಗಳು."

ನಾನು ಸ್ಪೀಕರ್ ಹಾಕಿದ್ದೆ. ಕುರ್ಚಿಯಿಂದ ಅಕ್ಕನ ಧ್ವನಿ ಬಂತು. "ಅಲ್ಲಿ ಅಕ್ಕಿಹಿಟ್ಟು ಸಿಗತ್ತಾ ಕೇಳು."

ಎಷ್ಟೋ ತಿಂಗಳ ಮೇಲೆ ಅವರು ತಾವಾಗಿ ಕೇಳಿದ ಪ್ರಶ್ನೆ ಅದು. ನಾನು ಅಲ್ಲೇ ಒಪ್ಪಿಕೊಂಡೆ. "ಇಬ್ರೂ ಹೋದ್ರೆ ನನ್ನ ಊಟ?" ಎಂದು ನನ್ನ ಗಂಡ ಕೇಳಿದರು. ಬೀದಿಗೆ ಎರಡು ದರ್ಶಿನಿ ಇವೆ ಎಂದು ನೆನಪಿಸಿದೆ.

ಜೈಗಾಂವ್

ರೈಲಿನ ವಿಷಯ ಬರೆಯುವುದಿಲ್ಲ. ಸೊಂಟ ಇನ್ನೂ ನೆನಪಿಟ್ಟುಕೊಂಡಿದೆ, ಅಷ್ಟು ಸಾಕು. ಅಕ್ಕನ ಒಂದು ಚೀಲ ಕಲ್ಲಿನಷ್ಟು ಭಾರವಿತ್ತು. ಅದನ್ನು ಕೂಲಿಯವನಿಗೂ ಕೊಡಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಏನಿದೆ ಎಂದು ಕೇಳಿದರೆ "ಬಟ್ಟೆ" ಎಂದರು. ಕಬ್ಬಿಣದ ಸೀರೆ ಉಡುತ್ತಾರೇನೋ ಎಂದುಕೊಂಡು ಸುಮ್ಮನಾದೆ.

ಜೈಗಾಂವ್ ನಮ್ಮ ದೇಶದ ಕೊನೆಯ ಊರು. ಅದರ ಪೇಟೆಬೀದಿಯ ತುದಿಯಲ್ಲಿ ಬಣ್ಣ ಬಳಿದ ದೊಡ್ಡ ಮಹಾದ್ವಾರವಿದೆ. ಆಚೆಗೆ ಭೂತಾನಿನ ಫುಂಟ್‌ಶೋಲಿಂಗ್. ವಿದೇಶ ಎಂದರೆ ಸಮುದ್ರವೋ ಆಕಾಶವೋ ನಡುವೆ ಇರಬೇಕೆಂದು ನಾನು ತಿಳಿದಿದ್ದೆ. ಇಲ್ಲಿ ನಡುವೆ ಇದ್ದದ್ದು ಪಾನ್ ಅಂಗಡಿ ಮತ್ತು ಒಂದು ಗೋಡೆ. ಈಚೆ ನಿಂತರೆ ಮೈಸೂರು ರಸ್ತೆಯ ಬಾಪೂಜಿ ನಗರ ಸಿಗ್ನಲ್: ಹಾರ್ನು, ಹೊಗೆ, ಬೈಗುಳ. ಪಕ್ಕದ ಕಟ್ಟಡದಲ್ಲಿ ಕಾರ್ಡು ತೋರಿಸಿ ಆಚೆ ಹೋದರೆ ಭಾನುವಾರ ಮಧ್ಯಾಹ್ನದ ಬಸವೇಶ್ವರನಗರದ ಒಳರಸ್ತೆ. ಯಾರೂ ಹಾರ್ನ್ ಹಾಕುವುದಿಲ್ಲ. ಯಾರಿಗೂ ಅವಸರವಿಲ್ಲ.

ಆಚೆ ಕಾಲಿಟ್ಟ ಕೂಡಲೇ ಒಂದು ಎಡವಟ್ಟಾಯಿತು. ರಸ್ತೆ ದಾಟಲು ಬಿಳಿ ಪಟ್ಟೆಯ ಹತ್ತಿರ ನಿಂತಿದ್ದೆವು. ಕಾರೊಂದು ಬಂದು ನಮ್ಮ ಮುಂದೆ ನಿಂತಿತು. ನಾವು ಕಾದೆವು, ಅದೂ ಕಾಯಿತು. ಪಾಪ, ಯಾವುದೋ ವಿಳಾಸ ಕೇಳಬೇಕಾಗಿರಬೇಕು ಎಂದು ಅಕ್ಕ ಕಿಟಕಿಯ ಹತ್ತಿರ ಹೋಗಿ ತಮಗೆ ಬರುವ ಅಷ್ಟೂ ಹಿಂದಿಯಲ್ಲಿ, ನಾವು ಈ ಊರಿಗೆ ಹೊಸಬರು, ದಾರಿ ಗೊತ್ತಿಲ್ಲ ಎಂದು ತಿಳಿಸಿ ಬಂದರು. ಡ್ರೈವರು ಕೈ ತೋರಿಸಿ ನೀವು ದಾಟಿ ಎಂದ. ನಡೆಯುವವರಿಗಾಗಿ ಕಾರು ನಿಲ್ಲುವುದನ್ನು ವಿಜಯನಗರದಲ್ಲಿ ಬದುಕಿದ ಹೆಂಗಸಿಗೆ ಯಾರು ಹೇಳಿಕೊಟ್ಟಿದ್ದರು?

ನಮ್ಮ ಕಾಗದಪತ್ರ ನೋಡಿಕೊಳ್ಳಲು ಕಂಪನಿಯವರು ಪೇಮಾ ಎಂಬ ಹುಡುಗಿಯನ್ನು ಇಟ್ಟಿದ್ದರು. ಪಾದದವರೆಗೆ ಇಳಿಯುವ ನೇಯ್ಗೆಯ ಉಡುಗೆ, ಅಡಿಕೆ ಜಗಿದು ಕೆಂಪಾದ ತುಟಿ. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅವರ ಭಾಷೆಯಲ್ಲಿ ದೊಡ್ಡವರೊಡನೆ ಮಾತಾಡುವಾಗ ಕೊನೆಗೆ 'ಲಾ' ಎಂದು ಸೇರಿಸುತ್ತಾರೆ, ನಾವು 'ರೀ' ಅನ್ನುವಂತೆ. ಅವಳು ಅರ್ಧ ದಿನದಲ್ಲಿ ಅಕ್ಕನನ್ನು "ಅಕ್ಕ ಲಾ" ಎಂದು ಕರೆಯತೊಡಗಿದಳು. ನಮ್ಮ ರಕ್ತ, ಎಕ್ಸ್‌ರೇ ಎಲ್ಲ ಅವಳೇ ಮಾಡಿಸಿದಳು. ನಮ್ಮ ಗಡಿಯಾರ ನಿಮ್ಮದಕ್ಕಿಂತ ಅರ್ಧ ಗಂಟೆ ಮುಂದೆ, ನೆನಪಿರಲಿ ಎಂದೂ ಹಿಂದಿಯಲ್ಲಿ ಹೇಳಿದಳು. ನಾನು ತಲೆಯಾಡಿಸಿದೆ.

"ಅಕ್ಕ, ವಾಚ್ ಮುಂದಕ್ಕಿಡ್ಲಾ?"

"ಬೇಡ. ಊರಿಂದ ಕಟ್ಕೊಂಡು ಬಂದ ಟೈಮು, ಹಂಗೇ ಇರ್ಲಿ."

ಲಾಡ್ಜ್ ಜೈಗಾಂವಿನಲ್ಲೇ ಇತ್ತು. ನನ್ನ ಫೋನು ಕೂಡ ಅಕ್ಕನ ಹಾಗೆಯೇ. ಗಡಿ ದಾಟಿದರೂ ಈಚೆಯ ಟವರನ್ನೇ ಹಿಡಿದುಕೊಂಡು ನಮ್ಮ ಟೈಮನ್ನೇ ತೋರಿಸುತ್ತಿತ್ತು. ನಾನು ಅರ್ಧ ಗಂಟೆಯ ವಿಷಯ ಮರೆತೇಬಿಟ್ಟೆ.

ಶುಕ್ರವಾರ, ಕಿಟಕಿಯ ಮುಂದೆ

ಆಚೆಯ ಊರಿನ ಪರ್ಮಿಟ್ ಆಫೀಸಿನಲ್ಲಿ ಶುಕ್ರವಾರ ಹನ್ನೆರಡೂವರೆವರೆಗೆ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಾರೆ, ಮಧ್ಯಾಹ್ನ ಇಲ್ಲ ಎಂದು ಪೇಮಾ ಹೇಳಿದ್ದಳು. ನಮ್ಮನ್ನು ಸಾಲಿನಲ್ಲಿ ನಿಲ್ಲಿಸಿ, ಬೇರೆ ಕೆಲಸಗಾರರ ರಕ್ತಪರೀಕ್ಷೆಗೆಂದು ಆಸ್ಪತ್ರೆಗೆ ಹೋದಳು. ಮುಂದೆ ಬಿಹಾರದ ಬಡಗಿಗಳು, ಹಿಂದೆ ಕೂಚ್ ಬಿಹಾರದ ಗಾರೆಯವರು. ಸೆಕೆಗೆ ಎಲ್ಲರ ಕೈಯಲ್ಲಿದ್ದ ಫೈಲುಗಳೂ ಬೀಸಣಿಗೆಗಳಾಗಿದ್ದವು. ನಿಂತು ನಿಂತು ನನ್ನ ಮೀನಖಂಡ ಗಟ್ಟಿಯಾಗಿತ್ತು. ಕೊನೆಗೂ ಕಿಟಕಿಯ ಹಿಂದಿದ್ದವರು ನಮ್ಮತ್ತ ನೋಡಿ ಕೈ ಚಾಚಿದರು.

ಅಕ್ಕ ವಾಚ್ ನೋಡಿಕೊಂಡರು. "ಸುಧಾ, ಬಾ ಈಚೆಗೆ."

"ಯಾಕಕ್ಕ?"

"ಇವತ್ತು ಶುಕ್ರವಾರ. ಹತ್ತೂವರೆ ಆಗೋಯ್ತು. ಹನ್ನೆರಡರವರೆಗೂ ರಾಹುಕಾಲ."

"ಅಕ್ಕ, ಇದು ಭೂತಾನು!"

"ರಾಹುಗೆ ಭೂತಾನ್ ಯಾವ್ದು, ಬಾಪೂಜಿ ನಗರ ಯಾವ್ದು? ಅಂಗಡಿ ಕಡೇ ಅಗ್ರಿಮೆಂಟು ಯಾವ ಹೊತ್ತಲ್ಲಿ ಆಯ್ತು, ನೆನಪಿಲ್ವಾ ನಿಂಗೆ? ಓನರ್ ಅವಸರ ಮಾಡ್ದ, ರಾಹುಕಾಲದಲ್ಲೇ ಸೈನ್ ಹಾಕಿದ್ವಿ. ಏನಾಯ್ತು ಕೊನೆಗೆ?"

ಅಂಗಡಿ ನಡೆದಷ್ಟು ಕಾಲವೂ ಅಕ್ಕ ರಾಹುಕಾಲದಲ್ಲಿ ಬಾಣಲೆಗೆ ಎಣ್ಣೆ ಹೊಯ್ದವರಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಹರಿದು, ಮಡಚಿ, ಪರ್ಸಿನಲ್ಲಿಟ್ಟುಕೊಂಡು ಇಲ್ಲಿಗೂ ತಂದಿದ್ದರು. ನನಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಸಾಲಿನವರೆಲ್ಲ ನೋಡುತ್ತಿರುವಾಗ ಹಿರಿಯ ಓರಗಿತ್ತಿಯ ಜೊತೆ ಜಗಳ ಆಡಲಾಗುತ್ತದೆಯೇ? ಗಾರೆಯವರಿಗೆ ಮುಂದೆ ಹೋಗಿ ಎಂದು ಅಕ್ಕ ಧಾರಾಳವಾಗಿ ದಾರಿ ಬಿಟ್ಟರು. ಅವರು ಕೈ ಮುಗಿದು ಮುಂದೆ ಹೋದರು. ನಾವು ಹೊರಗೆ ಮರದ ಕೆಳಗೆ ಕೂತು ಊರಿಂದ ತಂದ ಹುರಿಗಾಳು ತಿಂದೆವು. ಹನ್ನೆರಡು ಕಳೆದರೂ ಅರ್ಧ ಗಂಟೆ ಕೈಯಲ್ಲಿರುತ್ತದೆ ಎಂಬ ಲೆಕ್ಕ ನನ್ನದು.

ಅಕ್ಕನ ವಾಚಿನಲ್ಲಿ ಹನ್ನೆರಡು ಸರಿಯಾಗಿ ದಾಟಿದ ಮೇಲೆ ಎದ್ದು ಒಳಗೆ ಹೋದೆವು. ಕಿಟಕಿ ಮುಚ್ಚಿತ್ತು. ಮೇಲಿನ ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ ದಾಟಿತ್ತು. ಆಗ ನನಗೆ ಪೇಮಾಳ ಮಾತು ನೆನಪಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪಾಲಿಗೆ ಪೂಜಾರಿ ಕೈ ಚಾಚಿಕೊಂಡೇ ಕೂತಿದ್ದ, ನಾವೇ ಬೇಡವೆಂದು ಮರದ ಕೆಳಗೆ ಹುರಿಗಾಳು ತಿನ್ನುತ್ತಿದ್ದೆವು.

ಪೇಮಾ ಓಡಿ ಬಂದಳು. ವಿಷಯ ಕೇಳಿದ ಮೇಲೆ ಅವಳು ಬೈಯುತ್ತಾಳೆ ಎಂದುಕೊಂಡೆ. ಅವಳು ನಿಟ್ಟುಸಿರು ಬಿಟ್ಟು, ನನ್ನ ಅಮ್ಮನೂ ಹೀಗೇ, ಕೆಟ್ಟ ದಿನ ಎಂದು ಪಂಚಾಂಗ ಹೇಳಿದರೆ ಹೊಸಲು ದಾಟುವುದಿಲ್ಲ ಎಂದಳು. ಅಷ್ಟು ಹೇಳಿ ನಾಗೇಶನಿಗೆ ಫೋನ್ ಹಚ್ಚಿಕೊಟ್ಟಳು.

"ಏನ್ ಆಂಟಿ ನೀವು!" ನಾಗೇಶನ ಧ್ವನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. "ಸಿಲಿಗುರಿಯಿಂದ ಇನ್ನೊಬ್ಬ ಅಡುಗೆಯವನು ರೆಡಿಯಾಗಿ ಕೂತಿದಾನೆ. ಸೋಮವಾರ ಮಧ್ಯಾಹ್ನದೊಳಗೆ ನಿಮ್ಮ ಅರ್ಜಿ ಒಳಗೆ ಹೋಗ್ಲಿಲ್ಲ ಅಂದ್ರೆ ಮ್ಯಾನೇಜರ್ ಅವನನ್ನೇ ಕರೆಸ್ಕೋತಾರೆ. ನನ್ನ ಕೈಲಿ ಏನೂ ಇಲ್ಲ."

ಸೋಮವಾರ ಸಾಲು ದುಪ್ಪಟ್ಟಿರುತ್ತದೆ, ಒಂಬತ್ತಕ್ಕೆ ಕಿಟಕಿ ತೆಗೆಯುವಾಗಲೇ ಮುಂದೆ ನಿಂತಿರಬೇಕು, ತಪ್ಪಿದರೆ ಮಧ್ಯಾಹ್ನದೊಳಗೆ ಆಗುವ ಮಾತಲ್ಲ ಎಂದಳು ಪೇಮಾ. ಅವರ ಒಂಬತ್ತು ಎಂದರೆ ನಮ್ಮ ಎಂಟೂವರೆ. ಅಕ್ಕನ ಪರ್ಸಿನ ಹಾಳೆಯನ್ನು ನಾನು ನೋಡುವ ಅಗತ್ಯವೇ ಇರಲಿಲ್ಲ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು ಎಂಬುದು ನಮ್ಮ ಮನೆಯ ಬೆಕ್ಕಿಗೂ ಗೊತ್ತು.

ಶನಿವಾರ

ಆ ದಿನ ಅಕ್ಕ ಲಾಡ್ಜಿನ ಪ್ಲಾಸ್ಟಿಕ್ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತರು. ಕೆಳಗೆ ಲಾರಿಗಳು ಕಿರುಚುತ್ತಿದ್ದವು. ಅಕ್ಕ ನೋಡುತ್ತಿದ್ದರು, ಕಾಣುತ್ತಿತ್ತೋ ಇಲ್ಲವೋ. ಅದೇ ಕೂರುವ ರೀತಿ, ತೊಡೆಯ ಮೇಲೆ ಅದೇ ಎರಡು ಕೈ. ಇಷ್ಟು ದೂರ ಬಂದರೂ ಬಾಪೂಜಿ ನಗರದ ಆ ಕುರ್ಚಿ ನಮ್ಮ ಹಿಂದೆಯೇ ಬಂದಿತ್ತು. ನನಗೆ ಅಳು ಬಂತು. ಅಳುವುದಕ್ಕೂ ಆಯಾಸವಾಗಿ ಸ್ನಾನಕ್ಕೆ ಹೋದೆ.

ಮಧ್ಯಾಹ್ನ ಪೇಮಾ ಬಲವಂತ ಮಾಡಿ ಆಚೆಯ ಊರಿಗೆ ಊಟಕ್ಕೆ ಕರೆದೊಯ್ದಳು. ಕೆಂಪಕ್ಕಿ ಅನ್ನ, ಜೊತೆಗೆ ಚೀಸಿನಲ್ಲಿ ಬೇಯಿಸಿದ ಮೆಣಸಿನಕಾಯಿ. ನಮ್ಮಲ್ಲಿ ಮೆಣಸಿನಕಾಯಿ ಪಲ್ಯಕ್ಕೆ ಬೀಳುವ ವಸ್ತು. ಅಲ್ಲಿ ಅದೇ ಪಲ್ಯ. ಖಾರ ಇರುತ್ತದೆ ಎಂದು ಪೇಮಾ ಎಚ್ಚರಿಸಿದಾಗ, "ಬ್ಯಾಡಗಿ, ಗುಂಟೂರು ಎಲ್ಲ ಅರೆದು ಬಂದಿದೀವಿ ಅಂತ ಹೇಳು ಅವಳಿಗೆ" ಎಂದ ಅಕ್ಕ ಎರಡನೇ ತುತ್ತಿಗೆ ಬಿಕ್ಕಳಿಸತೊಡಗಿದರು. ಪಕ್ಕದ ಮೇಜಿನ ಅಜ್ಜಿ ಎದ್ದು ಬಂದು, ಏನೂ ಕೇಳದೆ, ಅಕ್ಕನ ಬೆನ್ನು ನೀವಿ, ಮಜ್ಜಿಗೆಯಂಥದ್ದೇನನ್ನೋ ಕುಡಿಸಿ, ತನ್ನ ಜಾಗಕ್ಕೆ ಹೋಗಿ ಕೂತಳು. ಅಕ್ಕ ಸ್ವಲ್ಪ ನಕ್ಕರು. ಲಾಡ್ಜಿಗೆ ಮರಳಿದ ಮೇಲೆ ಮತ್ತೆ ಕುರ್ಚಿಗೆ ಹೋದರು.

ನಾನು ಸೋಮವಾರಕ್ಕೆಂದು ಭಾಷಣ ಸಿದ್ಧ ಮಾಡತೊಡಗಿದೆ. ನಿಮ್ಮ ರಾಹುವಿಗೆ ಕೈ ಮುಗಿಯುತ್ತೇನೆ, ಒಂದು ದಿನ ರಜೆ ಕೊಡಿ ಎಂದು ಶುರು. ನಿಮ್ಮಿಂದಾಗಿ ಹೀಗಾಯಿತು ಎಂಬುದು ನಡುವೆ. ಕೊನೆಗೆ, ನೀವು ಬರದಿದ್ದರೆ ನಾನೊಬ್ಬಳೇ ಅರ್ಜಿ ಕೊಡುತ್ತೇನೆ. ಬಚ್ಚಲಿನಲ್ಲಿ ನಿಂತು ಮೆಲ್ಲಗೆ ಹೇಳಿ ನೋಡಿದೆ. ಕೇಳಲು ಚೆನ್ನಾಗಿಯೇ ಇತ್ತು. ಅಕ್ಕನಿಲ್ಲದೆ ನಾನು ಅಲ್ಲಿ ಯಾರಿಗಾಗಿ ಎಣ್ಣೆ ಕಾಯಿಸುವುದು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

ಭಾನುವಾರ, ತಾರಸಿ

"ಸುಧಾ, ಏಳೇ. ಬಾ ಮೇಲೆ."

ಅಕ್ಕ ನನ್ನ ಭುಜ ಅಲುಗಾಡಿಸುತ್ತಿದ್ದರು. ಸೀರೆ ಒಣಹಾಕಲು ತಾರಸಿಗೆ ಹೋಗಿದ್ದರಂತೆ. ಕಣ್ಣುಜ್ಜಿಕೊಂಡು ಹಿಂದೆ ಹತ್ತಿದೆ. ಆಚೆಯ ಬೆಟ್ಟಗಳು ಹಸಿರಾಗಿ ಕಾಣುತ್ತಿದ್ದವು. ಅವುಗಳ ಬಲಕ್ಕೆ, ಪೂರ್ವದಲ್ಲಿ, ಸೂರ್ಯ ಪೂರ್ತಿ ಮೇಲೆ ಬಂದಾಗಿತ್ತು.

"ಟೈಮ್ ಎಷ್ಟು ನೋಡು. ನಮ್ಮ ಟೈಮು."

ನೋಡಿದೆ. ಐದು ಕೂಡ ಸರಿಯಾಗಿ ಆಗಿರಲಿಲ್ಲ.

"ನಿನ್ನ ಗಂಡನಿಗೆ ಫೋನ್ ಮಾಡು."

"ಅಕ್ಕ, ಭಾನುವಾರ. ಮಲಗಿರ್ತಾರೆ."

"ಮಾಡು ಅಂದ್ರೆ ಮಾಡು."

ಮಾಡಿದೆ. ಯಾರು ಸತ್ತರು ಎಂಬ ಧ್ವನಿಯಲ್ಲಿ ನನ್ನ ಗಂಡ ಹಲೋ ಎಂದರು.

"ರೀ, ಸ್ವಲ್ಪ ಹೊರಗೆ ಬಂದು ನೋಡಿ. ಸೂರ್ಯ ಹುಟ್ಟಿದಾನಾ?"

ಅತ್ತ ಕಡೆ ಚಪ್ಪಲಿ ಎಳೆಯುವ ಸದ್ದು. ಬಾಗಿಲ ಚಿಲಕ ತೆಗೆದ ಶಬ್ದ ಕೇಳಿತು. "ಸೂರ್ಯನಾ? ಹಾಲಿನವನೇ ಬಂದಿಲ್ಲ ಕಣೇ. ಕಪ್ಪು ಕತ್ತಲೆ. ಯಾಕೆ, ಅಲ್ಲಿ ಏನಾದ್ರೂ ಆಯ್ತಾ?"

ಏನೂ ಇಲ್ಲ, ಮಲಗಿ ಎಂದು ಇಟ್ಟೆ. ಅಕ್ಕ ತಾರಸಿಯ ಕಟ್ಟೆಯ ಮೇಲೆ ಕೂತು ಬೆರಳು ಮಡಚುತ್ತಿದ್ದರು.

"ನಮ್ಮಪ್ಪ ಹೇಳ್ತಿದ್ರು ಕಣೇ. ರಾಹುಕಾಲಕ್ಕೆ ಗಡಿಯಾರ ಮುಖ್ಯ ಅಲ್ಲ. ಸೂರ್ಯ ಹುಟ್ಟಿ ಮುಳುಗೋವರೆಗೆ ಎಂಟು ಪಾಲು ಮಾಡ್ಬೇಕು, ದಿನಕ್ಕೊಂದು ಪಾಲು ರಾಹುಗೆ. ಕ್ಯಾಲೆಂಡರ್‌ನವನು ಸುಮ್ನೆ ಆರು ಗಂಟೆಗೆ ಸೂರ್ಯ ಹುಟ್ಟತ್ತೆ ಅಂತ ಇಟ್ಕೊಂಡು ಬರ್ದಿರ್ತಾನೆ. ನಮ್ಮೂರಿಗೆ ಅದು ಸರಿ. ಇಲ್ಲಿ ನೋಡು, ಇವನು ಇಷ್ಟು ಬೇಗ ಎದ್ದು ಕೂತಿದಾನೆ. ರಾಹುನೂ ಬೇಗ ಬಂದು, ಬೇಗ ಡ್ಯೂಟಿ ಮುಗಿಸ್ಕೊಂಡು ಹೋಗ್ತಾನೆ. ಸೋಮವಾರ ಎಂಟೂವರೆ ಹೊತ್ತಿಗೆ ಅವನು ಇರೋದೇ ಇಲ್ಲ."

ನನ್ನ ಭಾಷಣವೆಲ್ಲ ವ್ಯರ್ಥವಾಯಿತು. ಖುಷಿಯಿಂದ ಅವರ ಕೈ ಹಿಡಿದೆ. ಅಕ್ಕ ಮಾತ್ರ ಇನ್ನೂ ಬೆರಳು ಮಡಚುತ್ತಲೇ ಇದ್ದರು. ಮಡಚಿ ಮಡಚಿ ಒಂದು ಬೆರಳಿಗೆ ಬಂದು ನಿಂತರು. ಅವರ ಮುಖ ಸಣ್ಣದಾಯಿತು.

"ಶುಕ್ರವಾರನೂ ಹಂಗೇ ಅಲ್ವೇನೇ? ಹನ್ನೆರಡಕ್ಕೆ ತುಂಬಾ ಮುಂಚೆನೇ ಮುಗಿದಿತ್ತು. ಕಿಟಕಿ ಆಗಿನ್ನೂ ತೆಗೆದೇ ಇತ್ತು. ರಾಹು ಹೋದ ಮೇಲೂ ನಾನು ಮರದ ಕೆಳಗೆ ಕೂತಿದ್ದೆ."

ಮಡಚಿದ ಆ ಬೆರಳನ್ನು ನಾನು ಮೆಲ್ಲಗೆ ಬಿಡಿಸಿದೆ.

"ನಂದೇ ತಪ್ಪು. ಬೆಂಗಳೂರಿನ ರಾಹುಕಾಲನ ಪರ್ಸಲ್ಲಿ ಇಟ್ಕೊಂಡು ಬಂದೆ. ಈ ಕೆಲಸ ಹೋದ್ರೆ ನಾನು ಮತ್ತೆ ಆ ಕುರ್ಚೀಲಿ ಹೋಗಿ ಕೂರ್ಬೇಕು ಸುಧಾ. ನಂಗೆ ಭಯ ಆಗತ್ತೆ ಕಣೇ. ಅಲ್ಲಿ ಕೂತ್ರೆ ನಂಗೆ ಎದ್ದೇಳೋಕೆ ಯಾವ ಕಾರಣನೂ ಸಿಗಲ್ಲ."

ಒಂದು ವರ್ಷ ಆ ಕುರ್ಚಿಯ ಪಕ್ಕದಲ್ಲೇ ಓಡಾಡಿದ್ದೇನೆ. ತಮ್ಮ ಸ್ಥಿತಿ ಅಕ್ಕನಿಗೆ ಗೊತ್ತೇ ಇಲ್ಲ, ಮಂಕಾಗಿದ್ದಾರೆ ಎಂದು ತಿಳಿದಿದ್ದೆ. ಅವರಿಗೆ ಎಲ್ಲವೂ ಗೊತ್ತಿತ್ತು. "ಆ ಕುರ್ಚಿನ ಗುಜರಿಗೆ ಹಾಕಿ ಅಂತ ಇವರಿಗೆ ಈಗ್ಲೇ ಫೋನ್ ಮಾಡ್ತೀನಿ" ಎಂದೆ. "ಬೇಡ, ಪಾಪ, ಮಲಗ್ಲಿ" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೋಮವಾರ

ಕಿಟಕಿ ತೆಗೆದಾಗ ನಾವೇ ಮೊದಲು. ಕಿಟಕಿಯವರು ಮೊಣಕಾಲುದ್ದದ ನಿಲುವಂಗಿ ತೊಟ್ಟು, ಅದರ ಅಗಲವಾದ ಬಿಳಿ ತೋಳುಮಡಿಕೆಯನ್ನು ಮೇಜಿಗೆ ತಾಗದಂತೆ ಹಿಡಿದುಕೊಂಡು ಬರೆಯುತ್ತಿದ್ದರು. ಮಸಿ ತಾಗಿದರೆ ಅವರ ಮನೆಯಲ್ಲೂ ಬೈಯುವವರು ಇರಬೇಕು. ಫೋಟೋ ತೆಗೆದರು, ಬೆರಳು ಒತ್ತಿಸಿಕೊಂಡ ಮೇಲೆ ಏನು ಕೆಲಸ ಎಂದು ಕೇಳಿದರು. ನಾನು ಕುಕ್ ಎಂದೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ, ಗಾಳಿಯಲ್ಲಿ ಒರಳು ತಿರುಗಿಸಿ ಚಕ್ಕುಲಿ ಸುತ್ತು ಬಿಟ್ಟು ತೋರಿಸಿದರು. ಅವರು ಗಂಭೀರವಾಗಿ ನೋಡಿ, ತಲೆಯಾಡಿಸಿ, ಕುಕ್ ಎಂದೇ ಬರೆದುಕೊಂಡರು.

ಅರ್ಜಿ ಒಳಗೆ ಹೋಯಿತು. ಪರ್ಮಿಟ್ ಸಿಗುತ್ತದೋ ಇಲ್ಲವೋ ಎಂದು ಮಾತ್ರ ಯಾರೂ ಹೇಳಲಿಲ್ಲ. ಬುಧವಾರ ಬಂದು ನೋಡಿ ಎಂದರು. ಬುಧವಾರ ಸಂಜೆಯೊಳಗೆ ನಾವು ಕ್ಯಾಂಪಿನಲ್ಲಿ ಇರಬೇಕು, ಅಲ್ಲಿಯವರೆಗೆ ಸಿಲಿಗುರಿಯವನನ್ನು ತಡೆದಿಟ್ಟಿರುತ್ತೇನೆ ಎಂದ ನಾಗೇಶ. ಮತ್ತೆ ಲಾಡ್ಜು, ಮತ್ತೆ ಅದೇ ತೊವ್ವೆ, ಅದೇ ಲಾರಿಗಳ ಕಿರುಚಾಟ. ಪ್ರವಾಸ ಮಾಡಿದರೆ ಮನಸ್ಸು ಅರಳುತ್ತದೆ ಎಂದು ಬರೆದವರು ಯಾವ ಸಾಲಿನಲ್ಲೂ ನಿಂತಿರಲಾರರು.

ಮಂಗಳವಾರ

ಕ್ಯಾಂಪಿಗೆ ತರಕಾರಿ ಸಾಗಿಸುವ ಜೀಪಿನ ಡ್ರೈವರ್ ದೋರ್ಜಿ. ಪರ್ಮಿಟ್ ಬಂದರೆ ಬುಧವಾರ ನಮ್ಮನ್ನು ಮೇಲಕ್ಕೆ ಕರೆದೊಯ್ಯಬೇಕಾದವನು ಅವನೇ. ಮಂಗಳವಾರ ಬೆಳಗ್ಗೆ ಪೇಮಾ ಅವನನ್ನು ಲಾಡ್ಜಿನ ಬಾಗಿಲಿಗೆ ಕರೆತಂದಳು. ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತ.

ವಿಷಯ ಇಷ್ಟು. ಅವನ ತಾಯಿ ಪಂಚಾಂಗ ನೋಡಿದ್ದಾಳೆ. ಹೊಸ ಕೆಲಸಕ್ಕೆಂದು ಮನೆ ಬಿಟ್ಟು ಹೊರಡಲು ಬುಧವಾರ ಒಳ್ಳೆಯದಲ್ಲ. ತನ್ನ ಜೀಪಿನಲ್ಲಿ ಅಂಥವರನ್ನು ಆ ದಿನ ಕೂರಿಸಿಕೊಳ್ಳಲು ಅವನಿಗೆ ಮನಸ್ಸಿಲ್ಲ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮನೆಯ ರಾಹುವನ್ನು ದಾಟಿ ಬಂದರೆ ಇಲ್ಲಿ ಇನ್ನೊಬ್ಬ ಕಾಯುತ್ತಿದ್ದ. ದೋರ್ಜಿ ಇನ್ನೂ ಏನೋ ಹೇಳುತ್ತಿದ್ದ. ಪೇಮಾ ಅದನ್ನು ಹಿಂದಿಗೆ ತಂದಳು: ಇವತ್ತು ದಿನ ಚೆನ್ನಾಗಿದೆ. ನೀವು ಹೋಗಲಾಗದಿದ್ದರೂ ನಿಮ್ಮದೊಂದು ವಸ್ತುವನ್ನು ಇವತ್ತೇ ನನ್ನ ಜೊತೆ ಮೇಲಕ್ಕೆ ಕಳಿಸಿ. ಆಗ ನಿಮ್ಮ ಪ್ರಯಾಣ ಇವತ್ತೇ ಶುರುವಾದ ಹಾಗೆ. ನಾಳೆ ನೀವು ಹೊರಡುವುದಲ್ಲ, ಸುಮ್ಮನೆ ಮುಂದುವರಿಯುವುದು.

ಅಕ್ಕ ಅವನನ್ನೇ ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು.

"ಪ್ರಸ್ಥಾನ ಕಣೇ ಸುಧಾ! ನಮ್ಮ ಪ್ರಸ್ಥಾನ! ಅತ್ತೆ ಕಾಶಿಗೆ ಹೋಗೋ ಮುಂಚೆ ಒಳ್ಳೇ ದಿನ ನೋಡಿ ತಮ್ಮ ಸೀರೆ ಗಂಟು ಎದುರುಮನೇಲಿ ಇಟ್ಟು ಬಂದಿರ್ಲಿಲ್ವಾ? ಇವ್ರೂ ಮಾಡ್ತಾರಾ?"

ನೆನಪಿತ್ತು. ಇಟ್ಟ ಗಂಟನ್ನು ಒಳಗೇ ಬಿಟ್ಟು ಎದುರುಮನೆಯವರು ಬೀಗ ಹಾಕಿಕೊಂಡು ಹೋಗಿ, ಅತ್ತೆ ಕಾಶಿಗೆ ಎರಡು ಸೀರೆ ಕಡಿಮೆ ಒಯ್ದದ್ದೂ ನೆನಪಿತ್ತು. ನಾನು ಬಟ್ಟೆಯ ಚೀಲ ತರಲು ಎದ್ದೆ. ಅಕ್ಕ ತಡೆದರು. ಒಳಗೆ ಹೋಗಿ ಆ ಭಾರದ ಚೀಲವನ್ನು ಎಳೆದುಕೊಂಡು ಬಂದು ಬಿಚ್ಚಿದರು. ಒಳಗೆ ಭಾವನ ಹಳೆಯ ಪಂಚೆ. ಪಂಚೆಯೊಳಗೆ ಹಿತ್ತಾಳೆಯ ಚಕ್ಕುಲಿ ಒರಳು. ಬೀರುವಿನ ಮೇಲಿಂದ ಅದನ್ನು ಯಾವಾಗ ಇಳಿಸಿದರೋ ನಾನು ನೋಡಿರಲಿಲ್ಲ.

"ಪರ್ಮಿಟ್ ಬರ್ದೇ ಇದ್ರೆ ಅಕ್ಕ? ಇದು ಅಲ್ಲೇ ಉಳ್ಕೊಂಡ್ಬಿಡತ್ತೆ."

"ಬರ್ದೇ ಇದ್ರೆ ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ದೋರ್ಜಿ ಎರಡೂ ಕೈ ಚಾಚಿ, ಸ್ವಲ್ಪ ಬಾಗಿ, ಕೂಸನ್ನು ತೆಗೆದುಕೊಳ್ಳುವಂತೆ ತೆಗೆದುಕೊಂಡ. ಎಲೆಕೋಸಿನ ಮೂಟೆಗಳ ಜೊತೆ ಹಿಂದೆ ಎಸೆಯಲಿಲ್ಲ. ಮುಂದಿನ ಸೀಟಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿ ಬೆಲ್ಟ್ ಹಾಕಿದ. ಜೀಪು ಕಣ್ಣಿಗೆ ಮರೆಯಾಗುವ ತನಕ ಅಕ್ಕ ರಸ್ತೆಯಲ್ಲೇ ನಿಂತಿದ್ದರು.

ಬುಧವಾರ, ಚೆಕ್‌ಪೋಸ್ಟ್

ಪರ್ಮಿಟ್ ಬಂತು. ಇಬ್ಬರದ್ದೂ ಬಂತು. ಕುಣಿಯಬೇಕಾದ ಹೊತ್ತಿನಲ್ಲಿ ನನಗೆ ಕಾಲು ನೋಯುತ್ತಿತ್ತು. ಪೇಮಾ ಅಕ್ಕನನ್ನು ಅಪ್ಪಿಕೊಂಡಳು. ಅಕ್ಕ ಅವಳ ಕೈಗೆ ಉಳಿದ ಹುರಿಗಾಳಿನ ಪೊಟ್ಟಣ ಕೊಟ್ಟರು. ದೋರ್ಜಿ ಯಾವ ಅಳುಕೂ ಇಲ್ಲದೆ ಜೀಪಿನ ಬಾಗಿಲು ತೆರೆದ. ನಾವು ಹೊರಡುತ್ತಿರಲಿಲ್ಲವಲ್ಲ, ಮುಂದುವರಿಯುತ್ತಿದ್ದೆವು.

ಊರು ದಾಟಿ ಬೆಟ್ಟ ಹತ್ತತೊಡಗಿದ ಮೇಲೆ ಒಂದು ಚೆಕ್‌ಪೋಸ್ಟ್. ಮಂಜು ರಸ್ತೆಗೆ ಇಳಿದಿತ್ತು. ಕಾವಲಿನವನು ಕಾಗದಗಳನ್ನು ತಿರುವಿ ನೋಡಿ, ಅಕ್ಕನನ್ನು ಹಿಂದಿಯಲ್ಲಿ ಕೇಳಿದ. ಕೆಲಸ ಯಾವತ್ತಿನಿಂದ ಶುರು?

ಅಕ್ಕ ನನ್ನ ಕಡೆ ತಿರುಗಿದರು. "ನಿನ್ನೆಯಿಂದ ಅಂತ ಹೇಳು. ಒರಳು ನಿನ್ನೆನೇ ಹೋಗಿದೆ. ನಾವು ಅದರ ಹಿಂದೆ ಹೋಗ್ತಾ ಇದೀವಿ."

ಅದನ್ನು ಹೇಳುವಷ್ಟು ಹಿಂದಿ ನನ್ನಲ್ಲಿರಲಿಲ್ಲ. ದೋರ್ಜಿ ತನ್ನ ಭಾಷೆಯಲ್ಲಿ ಏನೋ ವಿವರಿಸಿದ. ಕಾವಲಿನವನು ನಗಲಿಲ್ಲ. ಹೌದಾ ಎನ್ನುವಂತೆ ತಲೆಯಾಡಿಸಿ ಅಡ್ಡಗೋಲು ಎತ್ತಿದ.

ತಿರುವುಗಳು ಶುರುವಾದವು. ಅಕ್ಕ ವಾಚ್ ಬಿಚ್ಚಿ ಅರ್ಧ ಗಂಟೆ ಮುಂದಕ್ಕಿಟ್ಟು ಮತ್ತೆ ಕಟ್ಟಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ಅಕ್ಕಿಹಿಟ್ಟು ಎಷ್ಟು ತರಿಸಿದಾರಂತೆ?"

"ಕೇಳ್ಲಿಲ್ಲ ಅಕ್ಕ."

"ಕೇಳ್ಲಿಲ್ವಾ? ಬೆಣ್ಣೆ? ಓಂಕಾಳು? ಅದೂ ಕೇಳ್ಲಿಲ್ಲ. ವಾರದಿಂದ ಫೋನಲ್ಲಿ ಏನ್ ಮಾತಾಡ್ತಿದ್ದೆ ನೀನು ನಾಗೇಶನ ಹತ್ರ? ಜಾಲರಿ ತಂದಿದೀಯಾ? ದೊಡ್ಡದಾ, ಚಿಕ್ಕದಾ? ನಿಂಗೊಂದು ಕೆಲಸ ಹೇಳಿದ್ರೆ ನಾನೇ ಮಾಡ್ಕೊಂಡ ಹಾಗೆ ಅಂತ ಎಷ್ಟು ಸಲ ಹೇಳಿದೀನಿ..."

ಅವರು ನಿಲ್ಲಿಸಲಿಲ್ಲ. ಎಣ್ಣೆಗೆ ಹೋದರು, ಎಣ್ಣೆಯಿಂದ ನನ್ನ ಮದುವೆಯ ಹೊಸತರಲ್ಲಿ ನಾನು ಸೀಯಿಸಿದ ನಿಪ್ಪಟ್ಟಿಗೆ ಹೋದರು. ಒಂದು ವರ್ಷದಿಂದ ಕೇಳಿರದಿದ್ದ ಆ ಗದರಿಕೆಯನ್ನು ಕೇಳುತ್ತಾ ನಾನು ಜೀಪಿನ ಸೀಟಿಗೆ ತಲೆ ಆನಿಸಿ ಚೆನ್ನಾಗಿ ನಿದ್ದೆ ಮಾಡಿದೆ.